25ರ ಗೆರೆಯನ್ನು ಕಾಯುವವರು ಯಾರು? ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಸೈಕಲ್ ರಿಪೇರಿಯವನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಶಿವಮೊಗ್ಗ.

ವಿಷಯ: ಎಲೆಕ್ಟ್ರಿಕ್ ಸೈಕಲ್‌ಗಳ ಗಂಟೆಗೆ 25 ಕಿ.ಮೀ. ವೇಗಮಿತಿಯನ್ನು ಕಳಚಿ ಓಡಿಸುತ್ತಿರುವುದರ ಕುರಿತು.

ಮಾನ್ಯರೇ,

ವಿನೋಬನಗರದಲ್ಲಿ 31 ವರ್ಷಗಳಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು ಬಂದಿರುವ ನಾನು ಸರ್ಕಾರಿ ಕಚೇರಿಯೊಂದಕ್ಕೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಮ್ಮ ಕಚೇರಿಯ ತಪಾಲು ಶಾಖೆಗೆ ಕೊಟ್ಟು, ಸ್ವೀಕೃತಿ ಪಡೆದು ಸುಮ್ಮನಿರಬಹುದಿತ್ತು. ಆದರೆ ನಾನು ಹೇಳಬೇಕಾದ ಮಾತಿನಲ್ಲಿ ಅರ್ಧ ಮಾತ್ರ ತಮಗೆ ಸಲ್ಲುವಂಥದ್ದು; ಉಳಿದ ಅರ್ಧ ಮಕ್ಕಳಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸುವ ತಂದೆತಾಯಂದಿರಿಗೆ, ಅವನ್ನು ಮಾರುವವರಿಗೆ, ನನ್ನಂತೆ ಸ್ಪ್ಯಾನರ್ ಹಿಡಿದು ಬದುಕುವವರಿಗೆ ಸೇರಿದ್ದು. ಅದಕ್ಕಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಆರಿದ್ರಾ ಮಳೆ ಹಿಡಿದಿದ್ದ ಒಂದು ಸಂಜೆ ನಮ್ಮ ಬಡಾವಣೆಯ ಹುಡುಗನೊಬ್ಬ ತಂದೆಯ ಜೊತೆ ಅಂಗಡಿಗೆ ಬಂದ. ಪ್ರಥಮ ಪಿಯುಸಿ ಓದುವವನು. ಸೈಕಲ್ ಕೊಂಡು ಎರಡು ತಿಂಗಳೂ ಆಗಿರಲಿಲ್ಲ. "ಅಂಕಲ್, ಸ್ಪೀಡ್ ಲಾಕ್ ತೆಗೆದುಕೊಡಿ, ನಮ್ಮ ಫ್ರೆಂಡ್ಸ್ ಎಲ್ಲ ತೆಗೆಸಿದ್ದಾರೆ" ಎಂದ. ನಾನು ತಂದೆಯ ಮುಖ ನೋಡಿದೆ. "ಬೆಳಗ್ಗೆ ಟ್ಯೂಷನ್‌ಗೆ ತಡ ಆಗುತ್ತಂತೆ, ಮಾಡಿಕೊಡಿ" ಎಂದರು.

ಕೆಲಸ ಎರಡು ನಿಮಿಷದ್ದು. ಪೆಡಲಿನ ಹತ್ತಿರ, ಫ್ರೇಮಿಗೆ ಅಂಟಿಕೊಂಡಂತೆ, ಅಂಗೈ ಅಗಲದ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ, ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕೆಂದು ನೋಡಿಕೊಳ್ಳುವ ಕಂಟ್ರೋಲರ್. ನಾಲ್ಕು ಸ್ಕ್ರೂ ಬಿಚ್ಚಿದರೆ ಬಣ್ಣಬಣ್ಣದ ವೈರುಗಳ ಗೊಂಚಲು ಕಾಣುತ್ತದೆ. ಅಗ್ಗದ ಎಷ್ಟೋ ಕಂಟ್ರೋಲರ್‌ಗಳಲ್ಲಿ ಒಂದು ಜೊತೆ ಬಿಳಿ ವೈರುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅವು ಕೂಡಿಕೊಂಡಿರುವವರೆಗೆ ಮೋಟಾರು ಈ ಸೈಕಲನ್ನು ಗಂಟೆಗೆ 25 ಕಿಲೋಮೀಟರ್ ವೇಗದ ಆಚೆಗೆ ದೂಡುವುದಿಲ್ಲ. ಬಿಡಿಸಿದರೆ ಮೋಟಾರಿಗೆ ಎಷ್ಟು ತ್ರಾಣವಿದೆಯೋ ಅಷ್ಟೂ ವೇಗ ಬರುತ್ತದೆ. ಬೇರೆ ಕೆಲವು ಸೈಕಲ್‌ಗಳಲ್ಲಿ ವೈರು ಮುಟ್ಟುವುದೂ ಬೇಡ, ಹ್ಯಾಂಡಲಿನ ಮೇಲಿರುವ ಡಿಸ್‌ಪ್ಲೇಯ ಗುಂಡಿಗಳನ್ನು ಒತ್ತಿಯೇ ಮಿತಿಯನ್ನು ಬದಲಿಸುತ್ತಾರೆ. ನಾನು ಆ ಎರಡು ವೈರುಗಳನ್ನು ಬಿಡಿಸಿ, ತುದಿಗಳಿಗೆ ನೀಲಿ ಟೇಪು ಸುತ್ತಿ, ಮುಚ್ಚಳ ಕೂರಿಸಿ, 50 ರೂಪಾಯಿ ತೆಗೆದುಕೊಂಡೆ.

ಮೂರು ವಾರ ಕಳೆಯುವುದರೊಳಗೆ ಅದೇ ಸೈಕಲ್ ಲಗೇಜ್ ಆಟೋದಲ್ಲಿ ಮತ್ತೆ ನನ್ನ ಅಂಗಡಿಗೆ ಬಂತು. ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿತ್ತು, ರಿಮ್ ಹಪ್ಪಳದಂತೆ ಸುರುಟಿಕೊಂಡಿತ್ತು. ನೂರಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಬೆಳಗಿನ ಆರೂವರೆಯ ಹೊತ್ತಿಗೆ, ಹಾಲು ತೆಗೆದುಕೊಂಡು ಕೊಡೆ ಹಿಡಿದು ಬರುತ್ತಿದ್ದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಹುಡುಗ ಗುದ್ದಿದ್ದ. ಕೊಡೆಯ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವರಿಗೆ ಹಿಂದಿನಿಂದ ಸೈಕಲ್ ಬಂದದ್ದು ಕೇಳಿಸಿರಲಿಲ್ಲ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಈಗ ವಾಕರ್ ಹಿಡಿದು ನಡುಮನೆಯಿಂದ ಜಗಲಿಯವರೆಗೆ ನಡೆಯುತ್ತಾರೆ. ಹುಡುಗನಿಗೆ ಗದ್ದಕ್ಕೆ ಹೊಲಿಗೆ, ಮುಂಗೈಗೆ ಪ್ಲಾಸ್ಟರ್. ಫೋರ್ಕ್ ಬದಲಿಸಲೆಂದು ಸೈಕಲನ್ನು ಬಿಚ್ಚಿ ಹಾಕಿದಾಗ ಕಂಟ್ರೋಲರ್ ಪೆಟ್ಟಿಗೆಯನ್ನೂ ತೆರೆದು ನೋಡಿದೆ. ನಾನು ಸುತ್ತಿದ್ದ ನೀಲಿ ಟೇಪು ಸುತ್ತಿದ ಹಾಗೆಯೇ ಇತ್ತು.

ಅಂದಿನಿಂದ ಆ ಕೆಲಸವನ್ನು ನಾನು ಮಾಡಿಲ್ಲ. ಆದರೆ ನಾನು ಬಿಟ್ಟ ಮಾತ್ರಕ್ಕೆ ಊರಿನಲ್ಲಿ ಅದು ನಿಂತಿಲ್ಲ. ನನ್ನಲ್ಲಿ ಆಗುವುದಿಲ್ಲ ಎನಿಸಿಕೊಂಡು ಹೋದವರು ಮುಂದಿನ ಅಂಗಡಿಯಲ್ಲಿ ಮಾಡಿಸಿಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ವಿಡಿಯೊ ನೋಡಿ ತಾವೇ ಬಿಚ್ಚಿಕೊಳ್ಳುತ್ತಾರೆ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ವಿಚಾರಿಸಿ ತಿಳಿದುಕೊಂಡದ್ದು ಆ ಅಪಘಾತದ ನಂತರ, ಎಂದರೆ ತಿಳಿದಿರಬೇಕಾಗಿದ್ದ ಹೊತ್ತು ಕಳೆದ ಮೇಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2ನೇ ನಿಯಮದ ಪ್ರಕಾರ, ಬ್ಯಾಟರಿ ವಾಹನವೊಂದರ ಮೋಟಾರು ಮೂವತ್ತು ನಿಮಿಷ ಸತತವಾಗಿ ಕೊಡಬಲ್ಲ ಸಾಮರ್ಥ್ಯ 0.25 ಕಿಲೋವ್ಯಾಟ್‌ಗಿಂತ, ಅಂದರೆ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋ ಮೀರದಿದ್ದರೆ, ಅದು ಮೋಟಾರು ವಾಹನವೆಂದು ಎಣಿಕೆಯಾಗುವುದಿಲ್ಲ. ಪೆಡಲ್ ತುಳಿದಾಗ ಮಾತ್ರ ನೆರವಾಗುವ ಮೋಟಾರುಳ್ಳ ಸೈಕಲ್ಲಿಗೂ ಇದೇ ರಿಯಾಯಿತಿಯಿದೆ. ಅದರ ಮೋಟಾರು ವೇಗ ಏರಿದಂತೆ ತನ್ನ ಬಲವನ್ನು ಇಳಿಸುತ್ತ ಬಂದು, 25 ಕಿ.ಮೀ. ಮುಟ್ಟಿದಾಗ ಅಥವಾ ಅದಕ್ಕೂ ಮೊದಲೇ ಸವಾರ ತುಳಿಯುವುದನ್ನು ನಿಲ್ಲಿಸಿದಾಗ, ತಾನಾಗಿಯೇ ಕಡಿದುಹೋಗಬೇಕು. ತಕ್ಕ ಬ್ರೇಕ್ ಇರಬೇಕು. ಮುಂದೆ ಬಿಳಿಯ, ಹಿಂದೆ ಕೆಂಪು ಬಣ್ಣದ ಪ್ರತಿಫಲಕ ಇರಬೇಕು. ಇಷ್ಟು ಸರಿಯಾಗಿದ್ದರೆ ನೋಂದಣಿ ಬೇಡ, ಚಾಲನಾ ಪರವಾನಗಿ ಬೇಡ, ವಿಮೆ ಬೇಡ, ಹೆಲ್ಮೆಟ್ ಕಡ್ಡಾಯವಲ್ಲ. ಯುರೋಪಿನ ದೇಶಗಳಲ್ಲೂ ಪೆಡಲ್ ನೆರವಿನ ಸೈಕಲ್ಲಿಗೆ ಇದೇ 250 ವ್ಯಾಟ್, ಇದೇ 25 ಕಿ.ಮೀ. ಗೆರೆಯನ್ನು ಎಳೆದಿದ್ದಾರೆ.

ಈ ರಿಯಾಯಿತಿಯನ್ನು ತೆಗೆಯಿರಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಅದು ಎಂಥವರಿಗೆ ನೆರವಾಗಿದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಮೊಣಕಾಲು ನೋವಿನಿಂದ ಸೈಕಲ್ ಬಿಟ್ಟಿದ್ದ ಹಿರಿಯರು ಮತ್ತೆ ಗಾಂಧಿ ಬಜಾರಿಗೆ ತಾವೇ ಹೋಗಿ ತರಕಾರಿ ತರುತ್ತಿದ್ದಾರೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ ಗೋಪಾಳದ ಏರನ್ನು ಇಳಿದು ತಳ್ಳದೆ ಹತ್ತುತ್ತಾನೆ. ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯೊಬ್ಬರು ಪೆಟ್ರೋಲಿನ ದುಡ್ಡು ಉಳಿಯಿತೆಂದು ನನ್ನೆದುರಿಗೇ ಲೆಕ್ಕ ಹಾಕಿ ಹೇಳಿದ್ದಾರೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ಆ ಸೈಕಲ್‌ಗಳ ನಟ್ಟು ಬಿಗಿ ಮಾಡಿಕೊಡುತ್ತ ನಾನು ಕಂಡ ಸಂತೋಷವೇ ಈಗ ಈ ದೊಡ್ಡವರ ಮುಖದಲ್ಲಿ ಕಾಣುತ್ತದೆ. ಯಾರೋ ನಾಲ್ಕು ಜನ ಗೆರೆ ದಾಟಿದ ಕಾರಣಕ್ಕೆ ಇವರೆಲ್ಲರ ಸೈಕಲ್ಲಿಗೂ ಕುತ್ತು ಬರಬಾರದು ಎಂಬ ಕಳಕಳಿಯೂ ಈ ಪತ್ರದ ಹಿಂದಿದೆ.

ಈಗ ಆ ಬಿಳಿ ವೈರು ಬಿಟ್ಟೊಡನೆ ಏನಾಗುತ್ತದೆ ಎಂಬುದನ್ನು ತಂದೆತಾಯಂದಿರು ಸಮಾಧಾನದಿಂದ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಸೈಕಲ್ ಅದೇ, ಬಣ್ಣ ಅದೇ, ಪೆಡಲೂ ಅದೇ. ಆದರೆ 25ರ ಗೆರೆ ದಾಟಿದ್ದರಿಂದ ಮೇಲೆ ಹೇಳಿದ ರಿಯಾಯಿತಿ ಅದಕ್ಕೆ ಉಳಿಯುವುದಿಲ್ಲ, ಕಾನೂನಿನ ಕಣ್ಣಿನಲ್ಲಿ ಅದು ಮೋಟಾರು ವಾಹನವಾಗುತ್ತದೆ. ಹಾಗಾದಾಗ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೆ ನೋಂದಣಿ ಇರಬೇಕು, ಸವಾರನಿಗೆ ಪರವಾನಗಿ ಇರಬೇಕು, ವಿಮೆ ಇರಬೇಕು, ತಲೆಯ ಮೇಲೆ ಹೆಲ್ಮೆಟ್ ಇರಬೇಕು. ಇವುಗಳಲ್ಲಿ ಒಂದೂ ಇರುವುದಿಲ್ಲ; ಸೈಕಲ್ಲೆಂದು ಮಾರಾಟವಾದ ಗಾಡಿಗೆ ಇವೆಲ್ಲ ಬರುವುದಾದರೂ ಎಲ್ಲಿಂದ? 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಮೋಟಾರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು 3 ವರ್ಷದವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗುತ್ತಾರೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಸ್ಕೂಟರು, ಬೈಕುಗಳ ವಿಷಯದಲ್ಲಿ ಇಂಥ ದಂಡದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. "ಲೈಸೆನ್ಸ್ ಬೇಡದ ಗಾಡಿ ಅಂತಲೇ ಕೊಡಿಸಿದ್ದು" ಎಂದು ಆ ಹುಡುಗನ ತಂದೆ ನನ್ನೆದುರು ನಿಂತು ಹೇಳಿದ ಮಾತು ಸುಳ್ಳಲ್ಲ. ಕೊಡಿಸಿದ ದಿನ ಅದು ಹಾಗೆಯೇ ಇತ್ತು. ನನ್ನ ಅಂಗಡಿಗೆ ಬಂದು ಹೋದ ಮೇಲೆ ಹಾಗಿರಲಿಲ್ಲ.

ದಂಡಕ್ಕಿಂತ ದೊಡ್ಡದು ಇನ್ನೊಂದಿದೆ. ಬೈಕು ಗುದ್ದಿ ಯಾರಿಗಾದರೂ ಕೈಕಾಲು ಮುರಿದರೆ ಬೈಕಿಗಿರುವ ಮೂರನೆಯವರ ವಿಮೆಯಿಂದ ಪರಿಹಾರ ಕೇಳುವ ದಾರಿಯಿದೆ, ಅದಕ್ಕೆಂದೇ ನ್ಯಾಯಮಂಡಳಿಯಿದೆ. ಮಿತಿ ಬಿಚ್ಚಿದ ಸೈಕಲ್ ಗುದ್ದಿದರೆ ಹಿಂದೆ ನಿಲ್ಲುವ ವಿಮಾ ಕಂಪನಿ ಯಾವುದೂ ಇಲ್ಲ. ಅಜ್ಜಿಯ ಮನೆಯವರು ಪೊಲೀಸ್ ದೂರು ಕೊಡಲಿಲ್ಲ. ಹುಡುಗನ ಭವಿಷ್ಯ ಹಾಳಾಗಬಾರದೆಂದು ಅಜ್ಜಿಯೇ ಬೇಡವೆಂದರಂತೆ. ಆಸ್ಪತ್ರೆಯ ಖರ್ಚಿನ ಒಂದು ಪಾಲನ್ನು ಹುಡುಗನ ತಾಯಿ ಬಳೆ ಅಡವಿಟ್ಟು ಕೊಟ್ಟರು, ಉಳಿದದ್ದನ್ನು ಅಜ್ಜಿಯ ಮಗ ಸಾಲ ಮಾಡಿ ತುಂಬಿದರು. ಎರಡೂ ಮನೆಗಳು ಒಂದೇ ಬೀದಿಯಲ್ಲಿವೆ.

ಹದಿಮೂರು ಕಿಲೋಮೀಟರ್ ಹೆಚ್ಚಾದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಬಿಚ್ಚಿದ ಸೈಕಲ್ ಸಮತಟ್ಟಾದ ರಸ್ತೆಯಲ್ಲಿ 38ರ ಸುಮಾರಿಗೆ ಓಡುವುದನ್ನು ನಾನೇ ಅಳೆದು ನೋಡಿದ್ದೇನೆ, ಆದ್ದರಿಂದ ಆ ಲೆಕ್ಕವನ್ನೇ ಹೇಳುತ್ತೇನೆ. 25ರಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 7 ಮೀಟರ್ ಸಾಗುತ್ತದೆ, 38ರಲ್ಲಿ ಹೋಗುವುದು ಹತ್ತೂವರೆ ಮೀಟರ್. ಎದುರಿಗೆ ಯಾರೋ ಬಂದರೆಂದು ಕಣ್ಣು ಕಂಡು ಬೆರಳು ಬ್ರೇಕ್ ಒತ್ತುವ ಹೊತ್ತಿಗೆ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ; ಅಷ್ಟರಲ್ಲಿ ಒಂದು ಸೈಕಲ್ ಎರಡು ಅಂಗಡಿ ದಾಟಿದರೆ ಇನ್ನೊಂದು ಮೂರು ದಾಟಿರುತ್ತದೆ. ಬ್ರೇಕ್ ಹಿಡಿದ ಮೇಲಿನ ದೂರ ಬೇರೆ. ಗುದ್ದುವ ಪೆಟ್ಟು ವೇಗದ ಜೊತೆ ಸಮಸಮನಾಗಿ ಏರುವುದಿಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 38ರ ಪೆಟ್ಟು 25ರ ಪೆಟ್ಟಿಗಿಂತ ಎರಡು ಪಟ್ಟಿಗೂ ಹೆಚ್ಚು. ಜನರೂ ವಾಹನಗಳೂ ಬೆರೆತು ಓಡಾಡುವ ಬೀದಿಗಳಲ್ಲಿ ವೇಗ 30 ಕಿ.ಮೀ. ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿರುವುದು ಮೈಮೂಳೆಗಳು ತಡೆದುಕೊಳ್ಳುವ ಮಿತಿಯನ್ನು ನೋಡಿಯೇ.

ಇದರ ಜೊತೆಗೆ ಸೈಕಲ್ಲಿನ ಅಂಗಾಂಗಗಳ ಪ್ರಶ್ನೆಯಿದೆ. ಮಾಮೂಲಿ ಸೈಕಲ್ಲಿಗಿಂತ ಎಲೆಕ್ಟ್ರಿಕ್ ಸೈಕಲ್ ಭಾರ. ಬ್ಯಾಟರಿ, ಚಕ್ರದ ನಡುವೆ ಕೂರುವ ಹಬ್ ಮೋಟಾರು ಸೇರಿ ಎಷ್ಟೋ ಸೈಕಲ್‌ಗಳು 20 ಕಿಲೋ ದಾಟುತ್ತವೆ. ತಯಾರಿಸಿದವರು ಬ್ರೇಕ್, ಸ್ಪೋಕ್, ಫೋರ್ಕ್ ಹಾಕಿರುವುದು 25ರ ವೇಗವನ್ನು ಲೆಕ್ಕಕ್ಕಿಟ್ಟುಕೊಂಡು. ಬಿಚ್ಚಿ ಓಡಿಸುವವರ ಬ್ರೇಕ್ ಶೂಗಳು ಬೇಗ ಸವೆಯುತ್ತವೆ, ಹಿಂದಿನ ಚಕ್ರದ ಸ್ಪೋಕುಗಳು ಮೋಟಾರಿನ ಬುಡದಲ್ಲಿ ಕಡಿದುಕೊಳ್ಳುತ್ತವೆ. ಆ ಹುಡುಗನ ಸೈಕಲ್ಲಿನ ಮುಂದಿನ ಬ್ರೇಕ್ ಶೂನಲ್ಲಿ ರಬ್ಬರೇ ಉಳಿದಿರಲಿಲ್ಲ, ಕಬ್ಬಿಣ ರಿಮ್ಮಿಗೆ ಉಜ್ಜಿ ಗೀರು ಬಿದ್ದಿತ್ತು. ಬ್ರೇಕ್ ಹಿಡಿಕೆಯೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಹಿಡಿಕೆ ಒತ್ತಿದ ಕೂಡಲೇ ಮೋಟಾರಿಗೆ ಕರೆಂಟು ಕಡಿಯುವುದು ಅದರ ಕೆಲಸ. ನಮ್ಮ ಮಳೆಗೆ ಆ ಸ್ವಿಚ್ಚಿನ ತುದಿಗಳು ಕಿಲುಬು ಹಿಡಿಯುತ್ತವೆ. ಅದು ಕೆಟ್ಟಾಗ ಸರಿಮಾಡಿಸುವ ಬದಲು ವೈರನ್ನೇ ಕತ್ತರಿಸಿ ಬಿಟ್ಟವರನ್ನು ನಾನು ಕಂಡಿದ್ದೇನೆ. ಅಂಥ ಸೈಕಲ್ಲಿನಲ್ಲಿ ಕೈ ಬ್ರೇಕ್ ಹಿಡಿದು ನಿಲ್ಲಿಸಲು ನೋಡುತ್ತಿದ್ದರೆ ಮೋಟಾರು ಮುಂದಕ್ಕೆ ದೂಡುತ್ತಲೇ ಇರುತ್ತದೆ.

ಓಡಿಸುವವರ ರೀತಿಯ ಬಗ್ಗೆಯೂ ಹೇಳಬೇಕು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಶಾಲೆ ಬಿಡುವ ಹೊತ್ತಿಗೆ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಒಂದೇ ಸೈಕಲ್ಲಿನ ಮೇಲೆ ಮೂವರು, ಕಿವಿಯಲ್ಲಿ ಇಯರ್‌ಫೋನ್, ತಿರುಗುವ ಮೊದಲು ಕೈ ತೋರಿಸುವ ಅಭ್ಯಾಸವಿಲ್ಲ, ಡಿವೈಡರ್ ತುದಿಯವರೆಗೆ ಹೋಗಿ ಬರಲು ಬೇಸರವೆಂದು ಎದುರು ದಿಕ್ಕಿನಲ್ಲೇ ನುಗ್ಗುವುದು. ಬ್ಯಾಟರಿ ಉಳಿಯಲಿ ಎಂದು ಕತ್ತಲಾದ ಮೇಲೂ ಲೈಟು ಹಾಕದವರಿದ್ದಾರೆ. ಆ ಪುಟ್ಟ ಎಲ್‌ಇಡಿ ದೀಪ ಎಳೆಯುವ ಕರೆಂಟು ಮೋಟಾರಿನ ಲೆಕ್ಕದಲ್ಲಿ ಏನೂ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ನನ್ನ ತಂದೆಯ ಕಾಲದಲ್ಲಿ ಲೈಟಿಲ್ಲದ ಸೈಕಲನ್ನೂ ಡಬಲ್ ರೈಡ್ ಹೋಗುವವರನ್ನೂ ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದರು. ಕತ್ತಲಾದರೆ ಡೈನಮೊ ಸರಿಯಿದೆಯೇ ಎಂದು ನೋಡಿಯೇ ಜನ ಮನೆಯಿಂದ ಹೊರಡುತ್ತಿದ್ದರು. ತುಳಿದಷ್ಟೇ ಓಡುತ್ತಿದ್ದ ಸೈಕಲ್ಲಿಗೆ ಅಷ್ಟು ಶಿಸ್ತಿತ್ತು.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಬೇರೊಂದು ಸಂಗತಿ, ಅದರಲ್ಲಿ ಸವಾರನ ತಪ್ಪಿನಷ್ಟೇ ನೋಡುವವರ ರೂಢಿಯ ಪಾಲೂ ಇದೆ. ಸೈಕಲ್ ಎಂದರೆ ನಿಧಾನ ಎಂದು ನಮ್ಮ ಕಣ್ಣು ಬಹಳ ಕಾಲದಿಂದ ಕಲಿತುಬಿಟ್ಟಿದೆ. ರಸ್ತೆ ದಾಟುವ ಅಮ್ಮ ದೂರದಲ್ಲಿ ಸೈಕಲ್ ಕಂಡರೆ "ಬರುವಷ್ಟರಲ್ಲಿ ದಾಟಬಹುದು" ಎಂದು ಹೆಜ್ಜೆ ಇಡುತ್ತಾರೆ. ಗೋಪಿ ವೃತ್ತದಲ್ಲಿ ತಿರುಗುವ ಆಟೋದವರು, ಬಿ.ಎಚ್. ರಸ್ತೆಯಲ್ಲಿ ಸ್ಟಾಪಿನಿಂದ ಬಸ್ಸನ್ನು ಹೊರತೆಗೆಯುವ ಚಾಲಕರು, ಪೆಡಲಿನ ಮೇಲೆ ಅಲ್ಲಾಡದೆ ನಿಂತ ಕಾಲುಗಳನ್ನು ಕಂಡು ಸೈಕಲ್ ನಿಧಾನವಾಗಿದೆ ಎಂದೇ ತಿಳಿಯುತ್ತಾರೆ. ಬೈಕಿನ ಸದ್ದು ಮುಂಚಿತವಾಗಿ ಬಂದು ಎಚ್ಚರಿಸುತ್ತದೆ, ಇದಕ್ಕೆ ಆ ಸದ್ದೂ ಇಲ್ಲ. 25ರ ಒಳಗಿದ್ದರೆ ಈ ಅಂದಾಜು ಹೆಚ್ಚು ತಪ್ಪುವುದಿಲ್ಲ, ಗಟ್ಟಿಯಾಗಿ ತುಳಿಯುವ ಸವಾರನೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗುತ್ತಾನೆ. ಸೈಕಲ್ಲಿನ ವೇಷದಲ್ಲಿ ಬೈಕಿನ ವೇಗ ಬಂದಾಗ ಮಾತ್ರ ದಾಟುವವರ, ತಿರುಗಿಸುವವರ, ಕಾಯುವವರ ಎಲ್ಲ ಲೆಕ್ಕವೂ ತಪ್ಪುತ್ತದೆ. ಆ ಅಜ್ಜಿ ಹಿಂದೆ ತಿರುಗಿ ನೋಡಿದ್ದರೂ ತಪ್ಪಿಸಿಕೊಳ್ಳುತ್ತಿದ್ದರೆಂಬ ಭರವಸೆ ನನಗಿಲ್ಲ.

ನಗರದಾಚೆಗಿನ ಮಾತು ಬೇರೆಯೇ. ಮೋಟಾರಿಗೆ ಹಾಕಿದ 25ರ ಮಿತಿ ಇಳಿಜಾರಿಗೆ ಅನ್ವಯಿಸುವುದಿಲ್ಲ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಮೋಟಾರು ನಿಂತರೂ ಇಳಿಜಾರು ಎಳೆಯುತ್ತದೆ, ಮತ್ತು ಭಾರವಾದ ಸೈಕಲನ್ನು ತಡೆದು ನಿಲ್ಲಿಸಲು ಬ್ರೇಕುಗಳು ಹೆಚ್ಚು ದುಡಿಯಬೇಕಾಗುತ್ತದೆ. ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಅಲ್ಲಿಗೆ ಎಲೆಕ್ಟ್ರಿಕ್ ಸೈಕಲ್ ಒಯ್ದು ಇಳಿಯುವ ಆಸೆಯಲ್ಲಿ ಹುಡುಗರು ನನ್ನ ಹತ್ತಿರ ಬ್ರೇಕ್ ತೋರಿಸಲು ಬರುತ್ತಾರೆ. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ರಿಮ್ಮೂ ಡಿಸ್ಕೂ ಕಾಯ್ದು ಹಿಡಿತ ಸಡಿಲವಾಗುತ್ತದೆ, ಒದ್ದೆಯಾಗಿದ್ದರೆ ರಬ್ಬರ್ ಶೂ ಮೊದಲ ಕೆಲವು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು, ಮಂಡಗದ್ದೆಯ ಕಡೆ ಮಳೆಗಾಲದಲ್ಲಿ ಮರದ ನೆರಳಿರುವ ಅಂಚುಗಳು ಪಾಚಿ ಕಟ್ಟಿ ಜಾರುತ್ತವೆ, ಡಾಂಬರು ಮುಗಿದಲ್ಲಿ ಗೇಣುದ್ದ ಕುಸಿದಿರುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡಲು ಸೈಕಲಿನವನು ಇಳಿಯಬೇಕಾದದ್ದು ಅದೇ ಅಂಚಿಗೆ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ಲೋಪವಾಗಿ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಅವಕಾಶ ಕೊಡುತ್ತದೆ. ಲೋಕೋಪಯೋಗಿ ಇಲಾಖೆಯವರೂ ತಮ್ಮ ಸಮಿತಿಯಲ್ಲಿ ಇರುವುದರಿಂದ ಈ ಒಂದು ಮಾತನ್ನು ಇಲ್ಲಿ ಸೇರಿಸಿದ್ದೇನೆ.

ಇನ್ನು ನನ್ನ ಕೋರಿಕೆ. ಶಾಲೆ ಬಿಡುವ ಹೊತ್ತಿಗೆ ರಸ್ತೆಯಲ್ಲಿ ಮಕ್ಕಳನ್ನು ಅಡ್ಡಗಟ್ಟಿ ಹಿಡಿಯುವುದರಿಂದ ಆರಂಭಿಸಬೇಡಿ ಎಂಬುದು ನನ್ನ ವಿನಂತಿ. ಅಜಾಗರೂಕತೆಯಿಂದ ಓಡಿಸಿ ಜೀವಕ್ಕೆ ಅಪಾಯ ತರುವವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಪ್ರಕಾರ ಕ್ರಮ ಕೈಗೊಳ್ಳಬಹುದು, ಅದಕ್ಕೆ ವಾಹನ ಮೋಟಾರಿನದೇ ಆಗಿರಬೇಕೆಂದಿಲ್ಲ. ಹಟಕ್ಕೆ ಬಿದ್ದವರಿಗೆ ಅದು ಇರಲಿ. ಆದರೆ ಮಿತಿ ಕಳಚುವುದು ರಸ್ತೆಯಲ್ಲಲ್ಲ, ಅಂಗಡಿಯಲ್ಲಿ. ಕಾಯಬೇಕಾದದ್ದೂ ಅಲ್ಲೇ.

ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಜಿಲ್ಲೆಯಲ್ಲಿ ಎಲೆಕ್ಟ್ರಿಕ್ ಸೈಕಲ್ ಮಾರುವ ಪ್ರತಿಯೊಂದು ಮಳಿಗೆಗೂ ಒಮ್ಮೆ ಹೋಗಲಿ. ಈ ರಿಯಾಯಿತಿ ಸಿಗಬೇಕಾದರೆ ಆ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಪರೀಕ್ಷಾ ಸಂಸ್ಥೆ ಪರಿಶೀಲಿಸಿರಬೇಕು. ಆ ಪ್ರಮಾಣಪತ್ರ ಗ್ರಾಹಕನ ಕಣ್ಣಿಗೆ ಬೀಳುವಂತೆ ಮಳಿಗೆಯಲ್ಲಿ ತೂಗಿರಲಿ. "ಲೈಸೆನ್ಸ್ ಬೇಡ" ಎಂದು ದೊಡ್ಡ ಅಕ್ಷರದಲ್ಲಿ ಬರೆಯುವವರು ಅದರ ಕೆಳಗೆ "25 ಕಿ.ಮೀ. ಒಳಗೆ ಓಡುವವರೆಗೆ ಮಾತ್ರ" ಎಂದು ಅಷ್ಟೇ ದೊಡ್ಡದಾಗಿ ಬರೆಯಲಿ. ಮಾರುವಾಗಲೇ ಮಿತಿ ಬಿಚ್ಚಿಕೊಡುವವರೂ ಇದ್ದಾರೆ. ನಿಯಮಕ್ಕೆ ವಿರುದ್ಧವಾದ ಮೋಟಾರು ವಾಹನವನ್ನು ಮಾರುವ, ಮಾರ್ಪಡಿಸುವ ಮಾರಾಟಗಾರರಿಗೆ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗಿನ ಸೆರೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ನಿನಲ್ಲಿವೆ. ಈ ಸಂಗತಿಯನ್ನು ಅವರಿಗೆ ಲಿಖಿತವಾಗಿ ತಿಳಿಸಿದರೆ ಅರ್ಧ ಕೆಲಸ ಆದಂತೆ.

ಎರಡನೆಯದಾಗಿ, ನಮ್ಮನ್ನು ಕರೆಯಿರಿ. ನಗರದ ಸೈಕಲ್ ರಿಪೇರಿಯವರನ್ನು ಸಂಚಾರ ಠಾಣೆಯಲ್ಲಾದರೂ ಸರಿ, ಪಾಲಿಕೆಯ ಸಭಾಂಗಣದಲ್ಲಾದರೂ ಸರಿ, ಒಂದು ಮಧ್ಯಾಹ್ನ ಕೂರಿಸಿ ಈ ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ನಮ್ಮಲ್ಲಿ ಬಹುಮಂದಿ ಮಾಡುತ್ತಿರುವುದು ದುರಾಸೆಯಿಂದಲ್ಲ. 50 ರೂಪಾಯಿಯ ಕೆಲಸ, ಗಿರಾಕಿ ಕೇಳಿದ, ಮಾಡಿಕೊಟ್ಟೆವು ಎಂಬಷ್ಟೇ. ಅದರ ಹಿಂದೆ ಒಂದು ಮನೆಯ ಬಳೆ, ಇನ್ನೊಂದು ಮನೆಯ ಸಾಲ ಇರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ಆ ಸಂಜೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿರಲಿಲ್ಲ. ಈಗಾಗಲೇ ಬಿಚ್ಚಿಸಿಕೊಂಡಿರುವವರಿಗೆ ಒಂದು ತಿಂಗಳ ಗಡುವು ಕೊಡಿ. ಅಷ್ಟರೊಳಗೆ ಮತ್ತೆ ಕೂಡಿಸಿಕೊಂಡವರ ಮೇಲೆ ಯಾವ ಕ್ರಮವೂ ಬೇಡ. ಕೂಡಿಸಿಕೊಡಲು ನಾನು ಹಣ ತೆಗೆದುಕೊಳ್ಳುವುದಿಲ್ಲ. ಮಿತಿ ಬಿಚ್ಚುವುದಿಲ್ಲ ಎಂಬ ಬೋರ್ಡನ್ನು ನನ್ನ ಅಂಗಡಿಯ ಬಾಗಿಲಿಗೆ ಆಗಲೇ ಹಾಕಿದ್ದೇನೆ.

ಶಾಲೆ-ಕಾಲೇಜುಗಳಲ್ಲಿ ಜೂನ್ ತಿಂಗಳಲ್ಲೇ, ಮಳೆ ಹಿಡಿಯುವ ಹೊತ್ತಿಗೆ, ಒಂದು ತರಗತಿ ನಡೆಯಬೇಕು. ಭಾಷಣ ಸಾಲದು, ಆಟದ ಮೈದಾನದಲ್ಲಿ ಸೈಕಲ್ ತಂದು ತೋರಿಸಬೇಕು. ಹಿಂದಿನ ಬ್ರೇಕ್ ಮೊದಲು, ಮುಂದಿನದು ಆಮೇಲೆ ಎಂದು ಒದ್ದೆ ನೆಲದಲ್ಲಿ ಹಿಡಿದು ಕಲಿಸಬೇಕು. ತಳ್ಳಿಕೊಂಡು ಹೋಗುವಾಗ ಎಕ್ಸಿಲರೇಟರ್ ಮೇಲೆ ಕೈಯಿಟ್ಟು ಸೈಕಲ್ ಚಂಗನೆ ನೆಗೆದು ಪಕ್ಕದವರಿಗೆ ತಾಗುವುದು ತೀರಾ ಸಾಮಾನ್ಯ, ಇಳಿದ ಕೂಡಲೇ ಕೀ ತೆಗೆಯುವ ಅಭ್ಯಾಸ ಮಾಡಿಸಬೇಕು. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿಸಿ ಎಂದು ಪೋಷಕರ ಸಭೆಯಲ್ಲಿ ಹೇಳಬೇಕು. ತಲೆಗೆ ಬೀಳುವ ಪೆಟ್ಟು ಗಾಡಿಯ ದಾಖಲೆ ನೋಡಿ ಬೀಳುವುದಿಲ್ಲ.

ಪರೀಕ್ಷಿಸಲು ದುಬಾರಿ ಯಂತ್ರ ಬೇಕಾಗಿಲ್ಲ ಎಂಬುದನ್ನೂ ತಿಳಿಸುತ್ತೇನೆ. ಸಮತಟ್ಟಾದ ಜಾಗದಲ್ಲಿ 50 ಮೀಟರ್ ಅಳೆದು ಎರಡು ತುದಿಗೆ ಸುಣ್ಣದ ಗೆರೆ ಎಳೆಯಬೇಕು. ಸವಾರ ದೂರದಿಂದಲೇ ಪೂರ್ತಿ ಎಕ್ಸಿಲರೇಟರ್ ಕೊಟ್ಟುಕೊಂಡು ಬಂದು, ಪೆಡಲ್ ತುಳಿಯದೆ ಎರಡೂ ಗೆರೆಗಳನ್ನು ದಾಟಬೇಕು. 25 ಕಿ.ಮೀ. ವೇಗದಲ್ಲಿ ಆ 50 ಮೀಟರಿಗೆ 7.2 ಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಬೇಗ ದಾಟಿದರೆ ಮಿತಿ ಕಳಚಿದೆ ಎಂದೇ ಅರ್ಥ. ಆ ಹುಡುಗನ ಸೈಕಲನ್ನು ರಿಪೇರಿ ಮಾಡಿದ ಮೇಲೆ, ವೈರು ಕೂಡಿಸುವ ಮೊದಲು ಒಮ್ಮೆ, ಕೂಡಿಸಿದ ಮೇಲೆ ಒಮ್ಮೆ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ನಾನೇ ಹೀಗೆ ಓಡಿಸಿ ನೋಡಿದೆ. ಮೊದಲ ಸಲ 4.7 ಸೆಕೆಂಡ್ ಬಂತು, ಎರಡನೆಯ ಸಲ ಏಳೂವರೆ. ಎಕ್ಸಿಲರೇಟರ್ ಇಲ್ಲದ, ತುಳಿದಾಗ ಮಾತ್ರ ನೆರವಾಗುವ ಸೈಕಲ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ಹಿಂದಿನ ಚಕ್ರವನ್ನು ಸ್ಟ್ಯಾಂಡ್ ಮೇಲೆ ಎತ್ತಿ ಪೆಡಲ್ ತಿರುಗಿಸಿ ಬಿಟ್ಟು, ಕಾಲು ನಿಂತೊಡನೆ ಮೋಟಾರು ನಿಲ್ಲುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಸಮಿತಿ ಒಪ್ಪುವುದಾದರೆ ಫ್ರೀಡಂ ಪಾರ್ಕಿನಲ್ಲಾಗಲಿ ಯಾವುದಾದರೂ ಶಾಲೆಯ ಮೈದಾನದಲ್ಲಾಗಲಿ, ಭಾನುವಾರ ಬೆಳಗ್ಗೆ ಇಂಥ ತಪಾಸಣೆ ಏರ್ಪಡಿಸಲಿ. ಅಳತೆ ಟೇಪು, ಸುಣ್ಣ, ಸ್ಟಾಪ್‌ವಾಚ್, ಎರಡು ಡಬ್ಬಿ ಬ್ರೇಕ್ ಶೂ ಹಿಡಿದು ನಾನು ಬರುತ್ತೇನೆ. ಆ ಹುಡುಗನೂ ಬರುತ್ತೇನೆಂದು ಹೇಳಿದ್ದಾನೆ; ಈಗ ಅವನು ದ್ವಿತೀಯ ಪಿಯುಸಿ, ದಿನವೂ ಸಂಜೆ ಅಜ್ಜಿಯ ಮನೆಗೆ ಹಾಲು ತಂದುಕೊಡುವುದು ಅವನೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ರಿಪೇರಿಯವನು,
ವಿನೋಬನಗರ, ಶಿವಮೊಗ್ಗ.